ಕ್ಲಾಸ್‌ನಾಗ ಖರೇ ಸಹಾಯ ಮಾಡೋ ಹುಡುಗ್ರು ಯಾರು ಅಂತ ಮಕ್ಕಳನ್ನೇ ಕೇಳೋದು ಹ್ಯಾಂಗ

ವರ್ಷದ ಕೊನಿಗೆ ಪ್ರಗತಿ ಪತ್ರದಾಗ ಸಹಕಾರ, ಮನೋಭಾವ, ಮೌಲ್ಯ ಅಂತೆಲ್ಲಾ ಇರೋ ಕಡಿ ಗ್ರೇಡ್ ತುಂಬೋ ಮುಂದ ನಾವು ಮಾಸ್ತರುಗಳು, ಅಕ್ಕೋರುಗಳು ಏನ್ ನೆನಪ ಮಾಡ್ಕೋತೀವಿ ಹೇಳ್ರಿ. ಬೋರ್ಡ್ ಒರಸಿದವರು, ಚಾಕ್‌ಪೀಸ್ ತಂದುಕೊಟ್ಟವರು, ಹಾಜರಿ ಪುಸ್ತಕ ಹೆಡ್‌ಮಾಸ್ತರ್ ರೂಮಿಗೆ ಮುಟ್ಟಿಸಿದವರು, ಯಾರರೆ ಸಾಹೇಬ್ರು ವಿಸಿಟಿಗೆ ಬಂದಾಗ ಓಡಿ ಹೋಗಿ ಕುರ್ಚಿ ತಂದವರು. ಅವರಿಗೆಲ್ಲಾ ಎ ಪ್ಲಸ್. ಆದ್ರ ಅದೆಲ್ಲಾ ನಮಗ ಮಾಡಿದ ಸಹಾಯ ನೋಡ್ರಿ. ಮಕ್ಕಳು ಮಕ್ಕಳಿಗೆ ಮಾಡೋದು ಬ್ಯಾರೇನೇ ಅದ, ಅದು ನಡೆಯೋದು ನಾವು ಬೋರ್ಡ್ ಕಡಿ ಮುಖ ಮಾಡಿದಾಗ, ಬಿಸಿಯೂಟದ ಸಾಲಿನಾಗ, ಸಾಲಿ ಬಿಟ್ಟ ಮ್ಯಾಲ ತಾಂಡಾದ ದಾರಿಯಾಗ. ಹಂಗಾಗಿ ಅವರನ್ನ ಕೇಳಲಾರದೆ ಗೊತ್ತಾಗಲ್ಲ. ಹ್ಯಾಂಗ ಕೇಳಬೇಕು, ಕೇಳಿದ ಮ್ಯಾಲ ಏನ್ ಮಾಡಬೇಕು ಅಂತ ನಮ್ಮ ಕಡಿ ಸರ್ಕಾರಿ ಸಾಲಿಗಳಿಗೆ ಹೊಂದೋ ಹಂಗ ಬರಿಲಾಕತ್ತೀನಿ, ಕಲಬುರಗಿ, ಯಾದಗಿರಿ, ಬೀದರ್ ಕಡಿ ಯಾರರೆ ಟ್ರೈ ಮಾಡೋರಿದ್ರ ಉಪಯೋಗ ಆಗಬಹುದು.

ಇದೆಲ್ಲಾ ಟೈಮ್ ವೇಸ್ಟ್, ಸಿಲಬಸ್ ಮುಗಿಸೋದ್ ನೋಡ್ರಿ ಸರ್ ಅಂತ ಸ್ಟಾಫ್ ರೂಮಿನಾಗ ಯಾರರೆ ಅಂದೇ ಅಂತಾರ. ಅವರಿಗೆ ಹೇಳ್ಲಾಕ ಒಂದು ಮಾತು ಇಟ್ಕೋರಿ. ಇಟಲಿದಾಗ ಜಾನ್ ವಿತ್ತೋರಿಯೊ ಕಪ್ರಾರಾ ಅನ್ನೋ ಮನಶ್ಶಾಸ್ತ್ರಜ್ಞರು ಅವರ ಜೊತಿಯವರು ಸೇರಿ 2000ದಾಗ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಮೂರನೇ ಕ್ಲಾಸಿನಾಗ ಮಕ್ಕಳು ಎಷ್ಟು ಸಹಾಯ ಮಾಡ್ತಾರ, ಹಂಚ್ಕೋತಾರ, ಸಮಾಧಾನ ಮಾಡ್ತಾರ ಅಂತ ಅಳದು, ಅದೇ ಮಕ್ಕಳು ಎಂಟನೇ ಕ್ಲಾಸಿಗೆ ಬಂದಾಗ ಓದಿನಾಗ ಹ್ಯಾಂಗ ಆಗ್ಯಾರ ಅಂತ ನೋಡಿದ್ರು. ಮೂರನೇ ಕ್ಲಾಸಿನ ಮಾರ್ಕ್ಸ್ ಲೆಕ್ಕಕ್ಕ ಹಿಡಿದ ಮ್ಯಾಲೂ ಆ ಸಹಾಯದ ಗುಣ ಮುಂದಿನ ಓದಿನ ಮ್ಯಾಲ ಗಟ್ಟಿ ಪರಿಣಾಮ ಮಾಡಿತ್ತು. ನಮಗ ಮುಖ್ಯ ಆಗಿದ್ದು ಇನ್ನೊಂದು ಅದ, ಅವರು ಬರೀ ಟೀಚರ್ ಮಾತು ನಂಬಲಿಲ್ಲ, ಮಗು ತಾನು ಹೇಳಿದ್ದು, ಜೊತಿಯ ಹುಡುಗ್ರು ಹೇಳಿದ್ದು, ಟೀಚರ್ ಹೇಳಿದ್ದು ಮೂರೂ ಕೂಡ್ಸಿ ನೋಡಿದ್ರು. ನಾವೂ ಸಣ್ಣ ಪ್ರಮಾಣದಾಗ ಅದನ್ನೇ ಮಾಡೋದು.

ಮಕ್ಕಳನ್ನ ಕೇಳೋಕಿಂತ ಮೊದಲ ನಿಮ್ಮ ಲಿಸ್ಟ್ ಬರೀರಿ. ಇದನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ, ಯಾಕಂದ್ರ ಮಕ್ಕಳ ಚೀಟಿ ಓದಿದ ಮ್ಯಾಲ ‘ಹೌದು ಇವನ ಬಗ್ಗೆ ನನಗ ಮೊದಲೇ ಗೊತ್ತಿತ್ತು’ ಅನಸ್ಲಾಕ ಶುರು ಆಗ್ತದ, ಮನಸ್ಸು ಭಾಳ ಜಾಣ ಅದ ಈ ವಿಷಯದಾಗ. ಹಾಜರಿ ಪುಸ್ತಕ ಇಟ್ಕೊಂಡು ಒಂದೊಂದು ಹೆಸರಿನ ಮುಂದ ಬರೀರಿ. ಸುಮ್ನೆ ‘ಒಳ್ಳೆಯವ’ ಅಂತಲ್ಲ, ಏನ್ ನೋಡೀರಿ ಅಂತ ಬರೀರಿ. ರಾಬರ್ಟ್ ಗುಡ್‌ಮನ್ ಅನ್ನೋ ಇಂಗ್ಲೆಂಡಿನ ಮಕ್ಕಳ ಮನೋವೈದ್ಯರು 1997ರಾಗ ಮಕ್ಕಳ ನಡತಿ, ಮನಸ್ಸು ತಿಳ್ಕೊಳ್ಳೋ ಒಂದು ಪ್ರಶ್ನಾವಳಿ ಮಾಡಿದ್ರು, ಎಸ್‌ಡಿಕ್ಯೂ ಅಂತಾರ, ಒಟ್ಟು 25 ವಾಕ್ಯ ಅದಾವ, ಅದರಾಗ 5 ಸಹಾಯದ ಗುಣದ್ದೇ. ಬ್ಯಾರೆಯವರ ಮನಸ್ಸು ಅರ್ಥ ಮಾಡ್ಕೋತಾನಾ, ತನ್ನ ಸಾಮಾನು ಹಂಚ್ಕೋತಾನಾ, ಯಾರಿಗರೆ ಪೆಟ್ಟಾದ್ರ ಇಲ್ಲಾ ಮನಸ್ಸು ನೊಂದ್ರ ಹೋಗಿ ನೋಡ್ತಾನಾ, ಸಣ್ಣವರ ಕೂಡ ಪ್ರೀತಿಯಿಂದ ಇರ್ತಾನಾ, ಕೇಳಲಾರದೇನೇ ಸಹಾಯಕ್ಕ ಮುಂದ ಬರ್ತಾನಾ, ಇಷ್ಟೇ. ಒಂದೊಂದಕ್ಕೂ ಇಲ್ಲ ಅಂದ್ರ 0, ಸ್ವಲ್ಪ ಅಂದ್ರ 1, ಖಂಡಿತ ಅಂದ್ರ 2, ಒಟ್ಟು 10ಕ್ಕ. ನಮಗ ಮಾರ್ಕ್ಸ್ ಹಾಕೋ ಕೆಲಸ ಇಲ್ಲ, ಆದ್ರ ಈ ಐದು ಪ್ರಶ್ನೆ ಮುಂದಿಟ್ಟುಕೊಂಡ್ರ ಯಾವ ಹುಡುಗನ ಬಗ್ಗೆ ನಮಗ ಏನೂ ಗೊತ್ತಿಲ್ಲ ಅನ್ನೋದು ಗೊತ್ತಾಗ್ತದ. ಹಿಂದಿನ ಬೆಂಚಿನ ನಾಲ್ಕೈದು ಹೆಸರಿನ ಮುಂದ ಪೆನ್ ನಿಂತೇ ನಿಲ್ತದ. ಅಲ್ಲಿ ಏನರೆ ತುಂಬ್ಲಾಕ ಹೋಗಬ್ಯಾಡ್ರಿ, ಖಾಲಿ ಬಿಟ್ಟು ಹಾಳಿ ಮಡಚಿ ಟೇಬಲ್ ಡ್ರಾದಾಗ ಇಡ್ರಿ.

ಇನ್ನ ಕೇಳೋದು. ಒಂದರಿಂದ ಮೂರನೇ ಕ್ಲಾಸ್, ಅಂದ್ರ ನಲಿಕಲಿ (ಗುಂಪಿನಾಗ ಕಾರ್ಡ್ ಹಿಡ್ಕೊಂಡು ಕಲಿಯೋ ಪದ್ಧತಿ) ಮಕ್ಕಳಿಗೆ ಬರಸ್ಲಾಕ ಹೋಗಬ್ಯಾಡ್ರಿ, ಚಿತ್ರ ತೆಗಸ್ರಿ. ‘ಸಾಲಿದಾಗ ಯಾರೋ ನಿನಗ ಚಂದ ಮಾಡಿದ್ರು, ಆ ಚಿತ್ರ ತೆಗಿ’ ಅಂದ್ರ ಸಾಕು. ತೆಗೆದ ಮ್ಯಾಲ ಪಕ್ಕಕ್ಕ ಕೂತು ‘ಇವ ಯಾರು, ಏನ್ ಮಾಡ್ಲಾಕತ್ತಾನ’ ಅಂತ ಕೇಳಿ ಅವರು ಹೇಳಿದ್ದನ್ನ ಹಂಗೇ ಕೆಳಗ ಬರ್ಕೋರಿ, ನಿಮ್ಮ ಭಾಷಾದಾಗ ತಿದ್ದಬ್ಯಾಡ್ರಿ. ಕೆನಡಾದಾಗ ಜಾನ್-ಟೈಲರ್ ಬಿನ್‌ಫೆಟ್ ಅನ್ನೋರು ಸಣ್ಣ ಮಕ್ಕಳಿಂದ ಹಿಂಗೇ ಚಿತ್ರ ಬರೆಸಿ ನೋಡ್ಯಾರ. ಬಿದ್ದವರನ್ನ ಎಬ್ಬಸೋದು, ಅಳೋರನ್ನ ಸಮಾಧಾನ ಮಾಡೋದು, ಆಟಕ್ಕ ಕರಕೊಳ್ಳೋದು ಇಂಥವೇ ಭಾಳ ಬಂದಿದ್ವು. ಟೀಚರ್ ಮಾಡಿದ ಒಳ್ಳೇ ಕೆಲಸ ತೆಗೀರಿ ಅಂದಾಗ ಮಕ್ಕಳು ಹೆಚ್ಚಾಗಿ ಪಾಠ ಹೇಳಿಕೊಡೋ ಟೀಚರನ್ನೇ ತೆಗೆದಿದ್ರು. ನಮ್ಮ ನಲಿಕಲಿ ಕ್ಲಾಸಿನಾಗ ಇದಕ್ಕ ಒಂದು ಲಾಭ ಮೊದಲೇ ಅದ, ಅಲ್ಲಿ ಐದು ಗುಂಪಿನಾಗ ಎರಡು ಗುಂಪು ಜೊತಿಯ ಮಕ್ಕಳ ಸಹಾಯದಿಂದ ಕಲಿಯೋ ಗುಂಪೇ, ಹಂಗಾಗಿ ಯಾರು ಯಾರಿಗೆ ಕಾರ್ಡ್ ಹುಡುಕಿ ಕೊಡ್ತಾರ, ಯಾರು ಕೈ ಹಿಡಿದು ಅಕ್ಷರ ತಿದ್ದಸ್ತಾರ ಅಂತ ನಾವು ಕೂತಲ್ಲೇ ನೋಡಬಹುದು. ಸುಮ್ನೆ ನೋಡ್ರಿ ಅಷ್ಟೇ, ಶಭಾಶ್ ಅನ್ನಬ್ಯಾಡ್ರಿ, ಅಂದ ಕೂಡ್ಲೇ ಆಜುಬಾಜು ಎಲ್ಲಾರೂ ನಮಗ ತೋರಸ್ಲಾಕ ಸಹಾಯ ಮಾಡ್ತಾರ.

ನಾಲ್ಕನೇ ಕ್ಲಾಸಿನಿಂದ ಮ್ಯಾಲಿನವರಿಗೆ ಚೀಟಿ ಕೊಡ್ರಿ. ‘ಕ್ಲಾಸ್‌ನಾಗ ಒಳ್ಳೇ ಹುಡುಗ ಯಾರು’ ಅಂತ ಕೇಳಿದ್ರೋ ಮುಗೀತು, ಎಲ್ಲಾ ಚೀಟಿದಾಗೂ ಮಾನಿಟರ್ ಹೆಸರು ಇಲ್ಲಾ ಫಸ್ಟ್ ಬರೋ ಹುಡುಗಿ ಹೆಸರು, ಯಾಕಂದ್ರ ಮಕ್ಕಳು ನಮ್ಮ ಮನಸ್ಸಿನಾಗ ಯಾರದಾರ ಅಂತ ನೋಡಿ ಬರೀತಾರ. ನಡೆದಿದ್ದನ್ನ ಕೇಳಬೇಕು. ‘ಈ ತಿಂಗಳದಾಗ ಯಾರರೆ ನಿನಗ ಏನರೆ ಸಹಾಯ ಮಾಡ್ಯಾರಾ, ಏನ್ ಮಾಡಿದ್ರು’ ಅಂತ ಒಂದು. ‘ನೀನು ಯಾರಿಗರೆ ಮಾಡಿದಿ ಏನು’ ಅಂತ ಇನ್ನೊಂದು. ‘ನಿನಗ ಬೇಜಾರಾದಾಗ ಯಾರ ಹತ್ರ ಹೋಗ್ತಿ’ ಅಂತ ಮೂರನೇದು. ಸಾಕು. ಕ್ಲಾಸಿನಾಗ ಯಾರನ್ನ ಆರಿಸ್ತಿ ಅಂತ ಮಕ್ಕಳನ್ನೇ ಕೇಳಿ ಅದರ ನಕ್ಷೆ ತೆಗೆಯೋ ಪದ್ಧತಿ ಹೊಸದಲ್ಲ, ಜೇಕಬ್ ಮೊರೆನೊ ಅನ್ನೋರು 1930ರ ದಶಕದಾಗೇ ಶುರು ಮಾಡಿದ್ದು, ಅದರಾಗ ‘ಯಾರು ಬ್ಯಾಡ’ ಅಂತಲೂ ಕೇಳೋದು ಅದ. ಅದು ನಮ್ಮ ಕ್ಲಾಸಿನಾಗ ಬ್ಯಾಡೇ ಬ್ಯಾಡ. ಯಾರ ಹೆಸರು ಯಾರು ಬರೆದ್ರು ಅಂತ ಸಂಜಿ ತನಕ ಊರಾಗೆಲ್ಲಾ ಸುದ್ದಿ, ಮರುದಿನ ಯಾರದ್ದರೆ ಅವ್ವ ಸಾಲಿ ಬಾಗಿಲಿಗೆ.

ಚೀಟಿ ನೀವೇ ಕೂಡಸ್ರಿ, ಮಾನಿಟರ್ ಕೈಗೆ ಕೊಡಬ್ಯಾಡ್ರಿ. ಬರೆಯೋ ಭಾಷಾ ಮಕ್ಕಳಿಗೇ ಬಿಡ್ರಿ. ನಮ್ಮ ಕಡಿ ಒಂದೇ ಕ್ಲಾಸಿನಾಗ ಮನ್ಯಾಗ ಕನ್ನಡ ಮಾತಾಡೋರು, ಲಂಬಾಣಿ ಮಾತಾಡೋರು, ದಖನಿ ಮಾತಾಡೋರು ಇರ್ತಾರ, ಬೀದರ್ ಗಡಿ ಕಡಿ ಹೋದ್ರ ಮರಾಠಿ, ಗುರುಮಠಕಲ್ ಕಡಿ ತೆಲುಗು. ಬರೀಲಾಕ ಬರಲಾರದವರು ವರಾಂಡಾಕ್ಕ ಬಂದು ಬಾಯಿಲೇ ಹೇಳ್ಲಿ. ಕೇಳೋ ಟೈಮೂ ನೋಡ್ಕೋರಿ. ತೊಗರಿ ರಾಶಿ ಟೈಮಿನಾಗ, ಹತ್ತಿ ಬಿಡಸೋ ಟೈಮಿನಾಗ ಅರ್ಧ ಕ್ಲಾಸ್ ಖಾಲಿ ಇರ್ತದ, ಬೆಂಗಳೂರು, ಪುಣೆ, ಮುಂಬೈಗೆ ದುಡೀಲಾಕ ಹೋದ ಮನಿ ಮಕ್ಕಳು ಆವಾಗ ಇರಂಗಿಲ್ಲ, ಅವರನ್ನ ಬಿಟ್ಟು ಕೇಳಿದ್ರ ಲೆಕ್ಕ ತಪ್ಪತದ. ಜುಲೈ, ಆಗಸ್ಟ್ ಬೆಸ್ಟ್.

ಚೀಟಿ ಬಂದ ಮ್ಯಾಲ ಹೆಸರು ಎಣಸ್ಲಾಕ ಕೂಡಬ್ಯಾಡ್ರಿ, ಮೊದಲ ಏನ್ ಮಾಡಿದ್ರು ಅನ್ನೋದರ ಮ್ಯಾಲ ಗುಂಪು ಮಾಡ್ರಿ. ಪೆನ್, ಕಂಪಾಸ್, ಹಾಳಿ ಕೊಟ್ಟಿದ್ದು ಒಂದು ಕಡಿ, ಇದೇ ಎಲ್ಲಕ್ಕಿಂತ ದೊಡ್ಡ ಗುಂಪು ಆಗೋದು. ಉಣ್ಣೋದು ಹಂಚಿದ್ದು ಒಂದು ಕಡಿ. ಬಿಸಿಯೂಟ ರಾಜ್ಯದಾಗ ಮೊದಲ ಶುರು ಆಗಿದ್ದೇ ನಮ್ಮ ಕಡಿ ಜಿಲ್ಲೆಗಳಾಗ, 2002ರಾಗ, ಅಕ್ಷರ ದಾಸೋಹ ಅಂತ. ಆಮ್ಯಾಲ 2021ರ ಡಿಸೆಂಬರ್‌ದಾಗ ಮೊಟ್ಟೆ ಬಂತು, ತಿನ್ನಲಾರದವರಿಗೆ ಬಾಳೆಹಣ್ಣು. ಆ ತಟ್ಟಿ ಸುತ್ತ ನಡೆಯೋ ವ್ಯವಹಾರ ಕೂತು ನೋಡಬೇಕ್ರಿ, ತನ್ನ ಬಾಳೆಹಣ್ಣು ಅರ್ಧ ಮುರಿದು ಕೊಡೋದು, ಮನ್ಯಾಗಿನ ಸಣ್ಣ ತಂಗಿಗೆ ಒಯ್ಲಾಕ ಮೊಟ್ಟೆ ಬಚ್ಚಿಟ್ಟ ಹುಡುಗಿಯ ಸುದ್ದಿ ಯಾರೂ ನಮಗ ಹೇಳಲಾರದೆ ಇರೋದು, ರೊಟ್ಟಿ ಶೇಂಗಾ ಹಿಂಡಿ ತಂದವ ನಾಲ್ಕು ಮಂದಿಗೆ ತುತ್ತು ಹಚ್ಚೋದು. ಮೂರನೇ ಗುಂಪು ಜೊತಿಗೆ ಇರೋದು. ಇದನ್ನ ನಾವು ಸಹಾಯ ಅಂತ ಲೆಕ್ಕಕ್ಕೇ ಹಿಡಿಯಂಗಿಲ್ಲ, ಮಕ್ಕಳು ಇದನ್ನೇ ಮನಸಾರೆ ಬರೀತಾರ. ಟಾಯ್ಲೆಟ್‌ಗೆ ಒಬ್ಬಾಕಿಗೆ ಹೋಗ್ಲಾಕ ಅಂಜಿಕಿ ಅಂತ ಜೊತಿಗೆ ಹೋಗಿದ್ದು, ಜ್ವರ ಬಂದು ಎರಡು ದಿನ ಬರಲಾರದವನ ಮನಿಗೆ ನೋಟ್‌ಬುಕ್ ಒಯ್ದಿದ್ದು, ಬಿಸಿಲಿನಾಗ ತನ್ನ ಬಾಟ್ಲಿ ನೀರು ಕೊಟ್ಟಿದ್ದು, ಸೈಕಲ್ ಮ್ಯಾಲ ಡಬಲ್ ಕರಕೊಂಡು ಬಂದಿದ್ದು. ಮುಂಬೈಯಿಂದ ವಾಪಸ್ ಬಂದು ಕನ್ನಡ ಓದ್ಲಾಕ ಮರೆತ ಹುಡುಗನ ಪಕ್ಕ ಕೂತು ಸರ್ ಏನ್ ಹೇಳ್ಲಾಕತ್ತಾರ ಅಂತ ಲಂಬಾಣಿದಾಗ ಪಿಸಪಿಸ ಹೇಳಿದ್ದು. ನಮಗ ಅದು ‘ಏ ಹಿಂದ್ಯಾಕ ಮಾತಾಡ್ಲಾಕತ್ತೀರಿ’ ಆಗಿರ್ತದ.

ಇನ್ನೊಂದು ಗುಂಪು ತ್ರಾಸಿನದ್ದು. ‘ಪರೀಕ್ಷಾದಾಗ ತೋರಿಸಿದ’. ‘ನಾನು ಕಿಟಕಿ ಒಡೆದಿದ್ದು ಸರ್‌ಗೆ ಹೇಳಲಿಲ್ಲ’. ‘ಬಸ್ಸಿನಾಗ ಕಿಟಕಿಯಿಂದ ಬ್ಯಾಗ್ ಒಗೆದು ಸೀಟ್ ಹಿಡಿದ’. ಇವೆಲ್ಲಾ ಬರ್ತಾವ, ಬರಲೇಬೇಕು, ಬರಲಿಲ್ಲಂದ್ರ ಮಕ್ಕಳು ನಿಮಗ ಅಂಜಿ ಬರೆದಾರ ಅಂತ ತಿಳ್ಕೋರಿ. ಸೀಟ್ ಹಿಡಿಯೋದು ಬಿಡ್ರಿ, ಅದು ನಮ್ಮ ಕಡಿ ದೊಡ್ಡವರೂ ಮಾಡೋದೇ. ಕಾಪಿ ಕೊಡೋದರ ಬಗ್ಗೆ ಮಾತಾಡಬೇಕು, ಆದ್ರ ಆ ಚೀಟಿ ಹಿಡ್ಕೊಂಡಲ್ಲ. ಮಕ್ಕಳ ಲೆಕ್ಕದಾಗ ಅವ ಗೆಳೆಯನನ್ನ ಬೈಗುಳದಿಂದ ಉಳಿಸ್ಯಾನ, ಅಂದ್ರ ಆ ಕ್ಲಾಸಿನಾಗ ಫೇಲ್ ಆದ್ರ ಏನೋ ಕೆಟ್ಟದ್ದು ಆಗ್ತದ ಅಂತ ಅವರಿಗೆ ಗೊತ್ತದ. ಆ ಅಂಜಿಕಿ ಎಲ್ಲಿಂದ ಬಂತು ಅಂತ ಮೊದಲ ನೋಡಬೇಕು. ನಾನಂತೂ ಹೇಳೋದು ಇಷ್ಟೇ, ಪರೀಕ್ಷಾ ಮುಂಚೆ ಒಂದು ವಾರ ‘ಯಾರಿಗರೆ ಕಲಸ್ರಿ’ ಅಂತ ಜೋಡಿ ಮಾಡಿ ಕೂಡಸ್ರಿ, ಸಹಾಯ ಮಾಡೋ ಮನಸ್ಸಿಗೆ ಬ್ಯಾರೆ ದಾರಿ ಸಿಗ್ತದ. ಚಾಡಿ ಹೇಳಲಾರದೆ ಇರೋದು ಹಂಗಲ್ಲ, ಅದು ಸೂಕ್ಷ್ಮ. ಕಿಟಕಿ ಸುದ್ದಿ ಮುಚ್ಚಿಟ್ರ ನಡೀತದ, ಯಾರೋ ಒಬ್ಬ ಸಣ್ಣ ಹುಡುಗನ್ನ ಹೊಡೀಲಾಕತ್ತಾನ ಅಂದ್ರ ಮುಚ್ಚಿಡಬಾರದು, ಈ ಎರಡರ ನಡುವಿನ ವ್ಯತ್ಯಾಸ ಕ್ಲಾಸಿನಾಗ ಮಕ್ಕಳ ಕೂಡ ಬಾಯಿಬಿಟ್ಟು ಮಾತಾಡ್ರಿ.

ಈಗ ಡ್ರಾದಾಗಿನ ಹಾಳಿ ತೆಗೀರಿ. ಎರಡೂ ಲಿಸ್ಟ್ ಪಕ್ಕಪಕ್ಕ ಇಡ್ರಿ. ಎರಡರಾಗೂ ಇರೋರ ಮ್ಯಾಲ ಟೈಮ್ ಕಳೀಬ್ಯಾಡ್ರಿ. ಮಕ್ಕಳ ಚೀಟಿದಾಗ ಮತ್ತ ಮತ್ತ ಬಂದು ನಿಮ್ಮ ಲಿಸ್ಟಿನಾಗ ಇಲ್ಲದ ಹೆಸರು ಯಾವು? ಹೆಚ್ಚಾಗಿ ಅವ ಓದಿನಾಗ ಹಿಂದ ಇರೋ ಹುಡುಗ, ಗದ್ದಲ ಮಾಡ್ತಾನ ಅಂತ ನಾವು ಹೆಸರಿಟ್ಟವ. ನಿಮ್ಮ ಲಿಸ್ಟಿನಾಗ ಮ್ಯಾಲ ಇದ್ದು ಮಕ್ಕಳ ಚೀಟಿದಾಗ ಇಲ್ಲದವರೂ ಇರ್ತಾರ, ಅವರು ನಮ್ಮ ಮುಂದ ಮಾತ್ರ ಸಹಾಯ ಮಾಡೋರು ಅಂತ ತಟ್ಟನೆ ತೀರ್ಪು ಕೊಡಬ್ಯಾಡ್ರಿ, ಮಾನಿಟರ್ ಮಾಡಿ ಕೂಡಿಸಿದವರು ನಾವೇ, ಹೆಸರು ಬರೆದುಕೊಡು ಅಂತ ಹೇಳಿ ಅವನ್ನ ಜೊತಿಯವರಿಂದ ದೂರ ಮಾಡಿದವರೂ ನಾವೇ.

ಹುಡುಗೇರ ವಿಷಯ ಬ್ಯಾರೇನೇ ನೋಡ್ರಿ. ಹುಡುಗೇರು ಹೆಚ್ಚು ಸಹಾಯ ಮಾಡ್ತಾರ ಅಂತ ಟೀಚರ್‌ಗಳು ಭಾಳ ದೇಶದಾಗ ಬರೀತಾರ. ಅದರಾಗ ಎಷ್ಟು ಖರೇ, ಎಷ್ಟು ನಾವೇ ಅವರ ಕೈಗೆ ಕಸಬರಿಗಿ ಕೊಟ್ಟಿದ್ದರಿಂದ ಬಂದಿದ್ದು? ಕಸ ಹೊಡಿಯೋದು ಹುಡುಗೇರು, ಬಿಂದಿಗಿ ತರೋದು ಹುಡುಗೇರು, ಹುಡುಗ್ರು ಬ್ಯಾಂಕಿಗೆ, ಅಂಗಡಿಗೆ. ಸರದಿ ಹಚ್ಚಿದ ಕೆಲಸ ಸಹಾಯದ ಲೆಕ್ಕದಾಗ ಹಿಡೀಬ್ಯಾಡ್ರಿ, ಮತ್ತ ಆ ಸರದಿದಾಗ ಯಾವ ಓಣಿ ಮಕ್ಕಳ ಹೆಸರು ಮ್ಯಾಲಿಂದ ಮ್ಯಾಲ ಬರ್ತದ ಅಂತಲೂ ಒಮ್ಮೆ ನೋಡ್ರಿ. ಚೀಟಿದಾಗ ಇದು ಕಾಣಸ್ತದ. ಒಂದು ಓಣಿ ಮಕ್ಕಳು ಬರೀ ತಮ್ಮ ಓಣಿ ಮಕ್ಕಳ ಹೆಸರೇ ಬರೆದಿದ್ರ ಊಟಕ್ಕ ಹ್ಯಾಂಗ ಕೂಡ್ತಾರ, ನೀರಿನ ಗ್ಲಾಸ್ ಯಾರು ಮುಟ್ತಾರ ಅಂತ ಹೋಗಿ ನೋಡ್ರಿ, ಅದನ್ನ ‘ಮಕ್ಕಳ ಸ್ವಭಾವ’ ಅಂತ ಬಿಡೋ ವಿಷಯ ಅಲ್ಲ, ಸಾಲಿನ ಕೂಡೋ ಕ್ರಮ ನಾವೇ ಬದಲಸಬೇಕು.

ಯಾರ ಚೀಟಿದಾಗೂ ಬರಲಾರದ ಹೆಸರುಗಳು ಇರ್ತಾವ. ಅವನ್ನ ಬ್ಯಾರೆ ಬರ್ಕೊಂಡು ವಾರದಾಗ ಒಬ್ಬರ ಕೂಡ ಐದು ನಿಮಿಷ ಮಾತಾಡ್ರಿ, ಅಷ್ಟೇ, ಏನೂ ವಿಚಾರಣೆ ಬ್ಯಾಡ.

ಧೈರ್ಯ ಇದ್ದವರು ಇನ್ನೊಂದು ಪ್ರಶ್ನೆ ಸೇರಸ್ರಿ, ‘ಯಾವ ಸರ್, ಯಾವ ಮೇಡಂ ನಿನಗ ಚಂದ ನೋಡ್ಕೊಂಡಿದ್ದು ನೆನಪದ, ಏನ್ ಮಾಡಿದ್ರು’ ಅಂತ. ಇದಕ್ಕ ನಿಮ್ಮ ಹೆಸರು ಬರೀಬ್ಯಾಡ್ರಿ ಅಂತ ಮಕ್ಕಳಿಗೆ ಹೇಳಿ ಡಬ್ಬಿದಾಗ ಹಾಕಸ್ರಿ. ಹೊಡೆಯೋದು, ಮಾನಸಿಕ ಹಿಂಸೆ ಕೊಡೋದು 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್‌ದಾಗ ನಿಷೇಧ ಅದ ಅಂತ ಎಲ್ಲರಿಗೂ ಗೊತ್ತು, ಆದ್ರ ಹೊಡೀಲಾರದೆ ಇರೋದನ್ನ ಮಕ್ಕಳು ಪ್ರೀತಿ ಅಂತ ಎಣಸಂಗಿಲ್ಲ. ತಿಳೀಲಿಲ್ಲ ಅಂದಾಗ ಸಿಟ್ಟಾಗಲಾರದೆ ಇನ್ನೊಮ್ಮೆ ಹೇಳಿದ್ದು, ಮಾರ್ಕ್ಸ್ ಎಲ್ಲರ ಮುಂದ ಓದಲಾರದೆ ಪೇಪರ್ ಮಡಚಿ ಕೈಗೆ ಕೊಟ್ಟಿದ್ದು, ಅಪ್ಪಗ ಆರಾಮ ಇಲ್ಲ ಅಂದಿದ್ದು ನೆನಪಿಟ್ಟು ವಾರ ಬಿಟ್ಟು ‘ಅಪ್ಪ ಹ್ಯಾಂಗದಾರ’ ಅಂತ ಕೇಳಿದ್ದು, ಬೈದ ಮ್ಯಾಲ ಮಧ್ಯಾಹ್ನ ಮತ್ತ ಹೆಸರು ಹಿಡಿದು ಕರೆದಿದ್ದು. ಹಿಂಥಾವೇ ಇರ್ತಾವ, ರೊಕ್ಕ ಖರ್ಚಾಗೋದು ಒಂದೂ ಇರಂಗಿಲ್ಲ.

ಇಷ್ಟಾದ ಮ್ಯಾಲ ಎಲ್ಲರೂ ಮಾಡೋ ಮೊದಲ ಕೆಲಸ ಬಹುಮಾನ. ತಿಂಗಳಿಗೊಬ್ಬ ‘ಸಹಾಯ ಶೂರ’, ಎದಿಗೆ ಸ್ಟಾರ್, ಬೆಳಗ್ಗೆ ಪ್ರಾರ್ಥನೆದಾಗ ಚಪ್ಪಾಳಿ. ಮಾಡಬ್ಯಾಡ್ರಿ. ಫೆಲಿಕ್ಸ್ ವಾರ್ನೆಕನ್, ಮೈಕಲ್ ಟೊಮಸೆಲ್ಲೊ ಅನ್ನೋ ಸಂಶೋಧಕರು 20 ತಿಂಗಳ ಕೂಸುಗಳ ಕೂಡ ಒಂದು ಪ್ರಯೋಗ ಮಾಡಿ 2008ರಾಗ ಬರೆದಾರ, ಬಿದ್ದ ಸಾಮಾನು ಎತ್ತಿಕೊಟ್ಟಾಗೆಲ್ಲಾ ಆಟಿಕಿ ಬಹುಮಾನ ಸಿಕ್ಕ ಕೂಸುಗಳು, ಆಮ್ಯಾಲ ಬಹುಮಾನ ನಿಂತಾಗ, ಏನೂ ಸಿಗಲಾರದ ಕೂಸುಗಳಿಗಿಂತ ಕಮ್ಮಿ ಸಹಾಯ ಮಾಡಿದ್ವು. ಕೂಸಿನ ಮಾತು ಹಂಗಾದ್ರ ನಮ್ಮ ಐದನೇ ಕ್ಲಾಸಿನ ಶಾಣ್ಯಾರ ಮಾತು ಕೇಳಬ್ಯಾಡ್ರಿ, ಸ್ಟಾರ್ ಸಲುವಾಗಿ ಗೆಳೆಯನ ಪೆನ್ ತಾವೇ ಬಚ್ಚಿಟ್ಟು ತಾವೇ ಹುಡುಕಿ ಕೊಡ್ತಾರ.

ಅದರ ಬದಲು ಒಂದು ಸಾದಾ ಕೆಲಸ ಅದ. ಕೆನಡಾದ ವ್ಯಾಂಕೂವರ್‌ನಾಗ 9ರಿಂದ 11 ವರ್ಷದ ಮಕ್ಕಳ ಒಂದು ಗುಂಪಿಗೆ ವಾರಕ್ಕ ಮೂರು ಸಣ್ಣ ಒಳ್ಳೇ ಕೆಲಸ ಮಾಡ್ರಿ ಅಂದ್ರು, ಇನ್ನೊಂದು ಗುಂಪಿಗೆ ವಾರಕ್ಕ ಮೂರು ಜಾಗಕ್ಕ ಹೋಗಿ ಬರ್ರಿ ಅಂದ್ರು, ನಾಲ್ಕು ವಾರ. ಖುಷಿ ಎರಡೂ ಗುಂಪಿನಾಗ ಏರಿತು, ಆದ್ರ ಒಳ್ಳೇ ಕೆಲಸ ಮಾಡಿದವರನ್ನ ಜೊತಿಯ ಮಕ್ಕಳು ಹೆಚ್ಚು ಸೇರಸ್ಕೊಳ್ಳಾಕ ಹತ್ತಿದ್ರು. 2012ರಾಗ ಪ್ರಕಟ ಆಗ್ಯಾದ. ಇದಕ್ಕ ಒಂದು ನೋಟ್‌ಬುಕ್ ಸಾಕು. ಸೋಮವಾರ ಹೇಳ್ರಿ, ಶನಿವಾರ ಬೆಳಗಿನ ಸಾಲಿದಾಗ ಹತ್ತು ನಿಮಿಷ ಕೊಟ್ಟು ಏನ್ ಮಾಡಿದ್ರು ಅಂತ ಅವರವರೇ ಬರ್ಕೊಳ್ಳಿ, ಓದಿ ತೋರಸೋದು ಕಡ್ಡಾಯ ಬ್ಯಾಡ. ಒಂದೇ ಶರತ್ತು, ಮೂರರಾಗ ಒಂದು ತನ್ನ ಓಣಿಯವರು, ತನ್ನ ಬೆಂಚಿನವರು ಅಲ್ಲದವರಿಗೆ ಮಾಡಿರಬೇಕು. ಇದನ್ನ ನಾನು ಸೇರಿಸಿದ್ದು, ವ್ಯಾಂಕೂವರ್‌ನವರದಲ್ಲ, ನಮ್ಮ ಕಡಿ ಇದು ಇರಲಾರದೆ ಆಗಂಗಿಲ್ಲ.

ಕೊನಿಗೆ ಜಾಗ್ರತಿ ಮಾತು ಸ್ವಲ್ಪ. ಚೀಟಿ ಫೋಟೋ ತೆಗೆದು ಶಿಕ್ಷಕರ ವಾಟ್ಸಾಪ್ ಗ್ರೂಪಿಗೆ ಹಾಕಬ್ಯಾಡ್ರಿ, ಎಷ್ಟೇ ಚಂದ ಇದ್ರೂ. ‘ಬೇಜಾರಾದಾಗ ಯಾರ ಹತ್ರ ಹೋಗ್ತಿ’ ಅನ್ನೋ ಪ್ರಶ್ನೆಗೆ ಕೆಲವೊಮ್ಮೆ ಮನಿ ಸುದ್ದಿ ಬರ್ತದ, ಕುಡಿದು ಹೊಡಿಯೋದು, ಲಗ್ನ ಗೊತ್ತು ಮಾಡ್ಲಾಕತ್ತಾರ ಅನ್ನೋದು. ಆ ಮಗುನ್ನ ಒಂಟಿಯಾಗಿ ಮಾತಾಡಸ್ರಿ, ಯಾರಿಗೂ ಹೇಳಂಗಿಲ್ಲ ಅಂತ ಸುಳ್ಳು ಮಾತು ಕೊಡಬ್ಯಾಡ್ರಿ, ಹೆಡ್‌ಮಾಸ್ತರಿಗೆ ಹೇಳಿ ಬೇಕಾದ್ರ 1098ಕ್ಕ ಫೋನ್ ಮಾಡ್ರಿ, ಅದು ಮಕ್ಕಳ ಸಹಾಯವಾಣಿ, ರೊಕ್ಕ ಬೀಳಂಗಿಲ್ಲ. ಉಳಿದ ಚೀಟಿ ಓದಿ ಗುಂಪು ಮಾಡಿ ಬೇಕಾದಷ್ಟು ಬರ್ಕೊಂಡು ಹರಿದು ಹಾಕ್ರಿ. ದಸರಾ ರಜಾ ಮುಗಿಸಿ ಬಂದ ಮ್ಯಾಲ ಒಂದು ಹದಿನೈದು ದಿನ ಬಿಟ್ಟು, ಮಂದಿ ಹತ್ತಿ ಬಿಡಸ್ಲಾಕ ಹೋಗೋಕಿಂತ ಮೊದಲ, ಅದೇ ಮೂರು ಪ್ರಶ್ನೆ ಇನ್ನೊಮ್ಮೆ ಕೇಳ್ರಿ. ಆವಾಗ ನಿಮ್ಮ ಲಿಸ್ಟನ್ನೂ ಹೊಸದಾಗಿ ಬರೀರಿ, ಹಳೇದು ನೋಡಲಾರದೆ.